ಹೊರಗೆ ಕೂತ ಕನ್ಯಾಪಿತೃ

ಸೋಮನಾಥನ ಮೇಲೆ ನನಗಿರುವಷ್ಟು ಸಿಟ್ಟು ನನ್ನ ಗಂಡನ ಮೇಲೂ ಇಲ್ಲ, ಅದು ಸಣ್ಣ ಮಾತಲ್ಲ. ಒಂದೇ ಒಂದು ಸಲ ‘ಹೌದು’ ಅಂದಿದ್ದರೆ ಆ ಮನುಷ್ಯ ತನ್ನ ಒಬ್ಬಳೇ ಮಗಳ ಮದುವೆಯನ್ನು ಕಣ್ಣಾರೆ ನೋಡುತ್ತಿದ್ದ. ಅನ್ನಲಿಲ್ಲ. ಯಾರಿಗೆ ಹೇಳಿದರೂ ‘ಅಯ್ಯೋ, ಅಷ್ಟೇನಾ? ಅಂದುಬಿಡೋದಲ್ವಾ!’ ಅನ್ನುತ್ತಾರೆ. ನಾನೂ ಅದನ್ನೇ ಹೇಳಿದ್ದು. ಅವನ ಕಿವಿ ತೂತು ಬೀಳುವಷ್ಟು ಸಲ ಹೇಳಿದೆ.

ನಾನು ಕಲಾವತಿ. ಹುಟ್ಟಿದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಈಗಿರುವುದು ಸ್ಯಾನ್ ಡಿಯೇಗೊದ ಫೋರ್ ಎಸ್ ರ್ಯಾಂಚ್‌ನಲ್ಲಿ. ಸೋಮನಾಥ ನನ್ನ ಗಂಡ ಉಮಾಶಂಕರನ ಜೊತೆ ಒಂದೇ ಕಂಪನಿಯಲ್ಲಿ ಮೊಬೈಲ್ ಫೋನುಗಳ ಟೆಸ್ಟಿಂಗ್ ಮಾಡುತ್ತಿದ್ದವನು. ಧಾರವಾಡದ ಕಡೆಯವನು, ಲಿಂಗಾಯತರ ಹುಡುಗ. ನನಗಿಂತ ಚಿಕ್ಕವನು. ಎದುರಿಗೆ ‘ನೀವು’ ಅನ್ನುತ್ತೇನೆ. ಬರೆಯಲು ಕೂತರೆ ‘ಅವನು’ ಅಂತಲೇ ಬರುತ್ತದೆ, ತಮ್ಮನ ಬಗ್ಗೆ ಬರೆದ ಹಾಗೆ. ಏನು ಮಾಡಲಿ.

ಅವನ ಹೆಂಡತಿ ಮಂಜುಶ್ರೀ ಗದಗಿನವಳು. ಬಾಯಿ ತುಂಬ ಮಾತು, ಕೈ ತುಂಬ ಕೆಲಸ. ಅವಳು ರೊಟ್ಟಿ ಬಡಿಯುವ ಸದ್ದಿಗೆ ಅಪಾರ್ಟ್‌ಮೆಂಟಿನ ಕೆಳಮನೆಯವರು ಮ್ಯಾನೇಜರ್‌ಗೆ ಕಂಪ್ಲೇಂಟ್ ಕೊಟ್ಟರು. ಇವಳು ಸುಮ್ಮನಿದ್ದಳೇ? ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಗೊಂಡು ಹೋಗಿ ಅವರ ಬಾಗಿಲು ತಟ್ಟಿದಳು. ಆಮೇಲೆ ಸದ್ದು ಕೇಳದ ದಿನ ಅವರೇ ಮೇಲೆ ಬಂದು ವಿಚಾರಿಸುತ್ತಿದ್ದರು. ಮಗಳು ಶ್ರೇಯಾಗೆ ನಾಲ್ಕು ವರ್ಷ ಆಗಿದ್ದಾಗ ಮಂಜುಗೆ ಕ್ಯಾನ್ಸರ್ ಬಂತು, ವರ್ಷ ತಿರುಗುವುದರೊಳಗೆ ಹೋದಳು. ಅವರಲ್ಲಿ ಹೂಳುವ ಪದ್ಧತಿ. ಊರಲ್ಲಾದರೆ ಕೂರಿಸಿ ಹೂಳುತ್ತಾರೆ, ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಬೇಕಾಯಿತು. ಎಡ ಅಂಗೈಯಲ್ಲಿ ಅವಳ ಇಷ್ಟಲಿಂಗ ಇಟ್ಟು ಬೆರಳು ಮಡಿಸಿದ್ದು ಸೋಮನಾಥನೇ.

ನಾವೆಲ್ಲ ಸರದಿಯ ಮೇಲೆ ಸಾರು, ಪಲ್ಯ ತಗೊಂಡು ಹೋದೆವು. ‘ಋಣ ಇಷ್ಟೇ ಇತ್ತು ಸೋಮನಾಥ್, ಧೈರ್ಯ ತಂದ್ಕೊಳ್ಳಿ’ ಅಂದೆವು. ತಿಂಗಳು ಕಳೆಯಿತು, ನಮ್ಮ ನಮ್ಮ ಮನೆ, ನಮ್ಮ ನಮ್ಮ ಮಕ್ಕಳ ಸ್ಕೂಲು. ಆಗ ಅವನ ಬಾಗಿಲು ತಟ್ಟಿದ್ದು ಬಿಳಿ ಶರಟು, ಕಪ್ಪು ಟೈ ಕಟ್ಟಿದ ಇಬ್ಬರು ಅಮೆರಿಕನ್ ಹುಡುಗರು. ಮಾರ್ಮನ್ ಚರ್ಚಿನವರು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವರು ಬಂದು ಮೊದಲು ಮಾಡಿದ ಕೆಲಸ ಸಿಂಕಿನಲ್ಲಿ ರಾಶಿ ಬಿದ್ದಿದ್ದ ಪಾತ್ರೆ ತೊಳೆದದ್ದು. ಆಮೇಲೆ ಹೇಳಿದರಂತೆ: ಮದುವೆ ಸಾವಿನ ತನಕ ಮಾತ್ರ ಅಲ್ಲ, ನಮ್ಮ ದೇವಾಲಯದಲ್ಲಿ ಗಂಡ ಹೆಂಡತಿ ಮಕ್ಕಳನ್ನು ಎಂದೆಂದಿಗೂ ಸೇರಿಸಿ ಸೀಲ್ ಮಾಡುತ್ತಾರೆ, ಸತ್ತವರನ್ನೂ ಸೇರಿಸಬಹುದು, ನಿನ್ನ ಹೆಂಡತಿ ನಿನಗೆ ಸಿಗುತ್ತಾಳೆ. ನಾವು ಋಣ ಮುಗಿಯಿತು ಅಂದಿದ್ದೆವು. ಅವರು ಮುಗಿದಿಲ್ಲ ಅಂದರು. ಅವನು ಯಾರ ಕಡೆ ಹೋಗಬೇಕು, ಹೇಳಿ.

ಹೋದ. ವರ್ಷದೊಳಗೆ ಆ ಚರ್ಚಿನವನೇ ಆದ. ಕಾಫಿ ಬಿಟ್ಟ, ಚಹಾ ಬಿಟ್ಟ, ಅವರಲ್ಲಿ ಎರಡೂ ನಿಷಿದ್ಧ. ಆಮೇಲೆ ಮಂಜುವಿಗೂ ದೀಕ್ಷಾಸ್ನಾನ ಆಯಿತು. ಸತ್ತವಳಿಗೆ ಹೇಗೆ ಅಂತೀರಾ? ಅವಳ ಬದಲಿಗೆ ಬೇರೊಬ್ಬ ಹೆಂಗಸು ನೀರಿನಲ್ಲಿ ಮುಳುಗಿ ಏಳುತ್ತಾಳೆ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

‘ಕೈಯಲ್ಲಿ ಲಿಂಗ ಹಿಡ್ಕೊಂಡು ಮಲಗಿರೋಳನ್ನ ಒಂದ್ ಮಾತು ಕೇಳಿದ್ರಾ ಸೋಮನಾಥ್?’ ಅಂದೆ.

‘ಅಲ್ಲಿ ಮ್ಯಾಲಿನ ಲೋಕದಾಗ ಅಕಿಗೆ ಹೇಳ್ತಾರ್ರಿ ಅಕ್ಕಾರ. ಒಪ್ಪೋದು ಬಿಡೋದು ಅಕಿಗೆ ಬಿಟ್ಟಿದ್ದು,’ ಅಂದ. ‘ಮಂಜು ಒಪ್ಪತಾಳ. ನಾ ಕರದ್ರ ಅಕಿ ಬರಲಾರದ ಇರಂಗಿಲ್ಲ.’

ಒಂದು ಸಲ ನಮ್ಮನ್ನೂ ಚರ್ಚಿಗೆ ಕರೆದುಕೊಂಡು ಹೋಗಿದ್ದ. ತಿಂಗಳಿಗೊಂದು ಭಾನುವಾರ ಅಲ್ಲಿ ಬೇಕಾದವರು ಎದ್ದು ನಿಂತು ಮಾತಾಡಬಹುದು. ಯಾರೂ ‘ನಂಬುತ್ತೇನೆ’ ಅನ್ನುವುದಿಲ್ಲ. ‘ನನಗೆ ಗೊತ್ತು’ ಅನ್ನುತ್ತಾರೆ. ನನಗೆ ಗೊತ್ತು, ಈ ಚರ್ಚು ಸತ್ಯ. ನನಗೆ ಗೊತ್ತು, ನಮ್ಮ ಅಧ್ಯಕ್ಷರು ದೇವರ ಪ್ರವಾದಿ. ಪುಟ್ಟ ಮಕ್ಕಳೂ ಮೈಕಿನ ಹತ್ತಿರ ಹೋಗಿ ಹಾಗೇ ಅನ್ನುತ್ತವೆ. ಉಮಾಶಂಕರ ನಿದ್ದೆ ಹೊಡೆಯುತ್ತಿದ್ದ. ಸೋಮನಾಥ ಎದ್ದು ನಿಂತು, ‘ನನ್ನ ಹೆಂಡತಿ ನನಗೆ ಸಿಗುತ್ತಾಳೆ, ನನಗೆ ಗೊತ್ತು,’ ಅಂದ. ಅವನ ಮುಖ ದೀಪ ಹಚ್ಚಿದ ಹಾಗಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಹದಿನೈದು ವರ್ಷ ಹೀಗೇ ನಡೆಯಿತು. ಶ್ರೇಯಾ ಆ ಚರ್ಚಿನಲ್ಲೇ ಬೆಳೆದಳು. ಮಂಜುವಿನ ಮುಖ ಅವಳಿಗೆ ಫೋಟೊದಲ್ಲಿ ಮಾತ್ರ ಗೊತ್ತು. ಆದರೆ ಎಂದಾದರೂ ಅಮ್ಮ ಸಿಗುತ್ತಾಳೆ ಅನ್ನುವುದು, ನಾಳೆ ಬೆಳಗಾಗುತ್ತದೆ ಅನ್ನುವಷ್ಟೇ ಗಟ್ಟಿ. ಕಾಲೇಜಿಗೂ ಯೂಟಾಕ್ಕೆ, ಅವರದೇ ಜನರ ನಡುವೆ ಹೋದಳು.

ಕೋವಿಡ್ ಬಂದು ಚರ್ಚಿಗೆ ಬೀಗ ಬಿತ್ತು. ಭಾನುವಾರ ಚರ್ಚಿನಲ್ಲಿ ಮಾಡುವ ಹಾಗೆ ಮನೆಯಲ್ಲೇ ಬ್ರೆಡ್ ಮುರಿದು, ನೀರು ಕುಡಿದು ಪ್ರಾರ್ಥನೆ ಮಾಡಿ ಅಂದರಂತೆ. ಅಂಗಡಿಯಲ್ಲಿ ಬ್ರೆಡ್ ಇರಲಿಲ್ಲ. ಇವನು ಜೋಳದ ಹಿಟ್ಟು ಕಲಸಿ ತಾನೇ ರೊಟ್ಟಿ ಬಡಿದು, ಅದನ್ನೇ ಮುಂದಿಟ್ಟುಕೊಂಡು ಪ್ರಾರ್ಥನೆ ಮಾಡಿದ.

‘ನಿಮ್ಮ ದೇವರಿಗೆ ಜೋಳದ ರೊಟ್ಟಿ ನಡಿಯುತ್ತಾ?’ ಅಂತ ಫೋನಿನಲ್ಲಿ ರೇಗಿಸಿದೆ.

‘ಯಾಕ ನಡಿಯಂಗಿಲ್ರಿ? ಮಂಜು ಬಡದಂಗ ಆಗಂಗಿಲ್ಲ, ಅದೊಂದ ಕೊರತಿ,’ ಅಂದ.

ಒಬ್ಬನೇ ಮನೆಯಲ್ಲಿ ಕೂತರೆ ಓದು ಜಾಸ್ತಿ. ಮುಂದಿನ ವರ್ಷ ಅವರ ಚರ್ಚಿನಲ್ಲಿ ಎಲ್ಲರೂ ಓದಬೇಕಾಗಿದ್ದ ಪುಸ್ತಕದ ಕೊನೆಯಲ್ಲಿ ಒಂದು ಪುಟದ ಘೋಷಣೆ ಇತ್ತು. ೧೯೭೮ರ ತನಕ ಕಪ್ಪು ಜನರಿಗೆ ಆ ಚರ್ಚಿನಲ್ಲಿ ಪೌರೋಹಿತ್ಯ ಇರಲಿಲ್ಲ, ದೇವಾಲಯದ ಒಳಗೆ ಹೆಂಡತಿ ಮಕ್ಕಳನ್ನು ಸೀಲ್ ಮಾಡಿಸಿಕೊಳ್ಳುವ ಹಾಗೂ ಇರಲಿಲ್ಲ. ಆ ವರ್ಷ ಪ್ರವಾದಿಗೆ ದೇವರಿಂದ ತಿಳಿಯಿತು, ಆಮೇಲೆ ಎಲ್ಲರಿಗೂ ಬಾಗಿಲು ತೆರೆಯಿತು. ಇದು ಅವನಿಗೆ ಹೊಸದಲ್ಲ. ಹೊಸದಾಗಿದ್ದು ಚರ್ಚಿನ ವೆಬ್‌ಸೈಟಿನಲ್ಲಿ ಓದಿದ ಮಾತು. ಯಾಕೆ ಬಿಡುತ್ತಿರಲಿಲ್ಲ ಅನ್ನುವುದಕ್ಕೆ ಹಿಂದಿನವರು ಏನೇನು ಕಾರಣ ಕೊಟ್ಟಿದ್ದರೋ ಅವನ್ನು ಈಗಿನ ಚರ್ಚು ಒಪ್ಪುವುದಿಲ್ಲ ಅಂತ.

‘ಕಾರಣ ತಪ್ಪಾದ್ರ ನಿಯಮ ಯಾರ್ದ್ರಿ ಅಕ್ಕಾರ?’ ಅಂತ ನನ್ನನ್ನು ಕೇಳಿದ. ನನ್ನನ್ನು! ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ‘ನನಗೇನ್ ಗೊತ್ತಪ್ಪ, ನಿಮ್ಮ ಪಾದ್ರಿನ ಕೇಳಿ,’ ಅಂದೆ.

ಅವನು ಕೇಳಿದ್ದು ವಾಲ್ಟರ್ ಅನ್ನುವ ಮುದುಕನನ್ನು. ಅದೇ ಚರ್ಚಿನ ಕಪ್ಪು ಮನುಷ್ಯ, ನೇವಿಯಲ್ಲಿದ್ದು ರಿಟೈರ್ ಆದವನು. ಆ ಘೋಷಣೆ ಬರುವುದಕ್ಕೂ ಮುಂಚೆ ಸೇರಿದವನು. ಸೋಮನಾಥ ಅವನಿಗೆ ವಾರಕ್ಕೊಮ್ಮೆ ದಿನಸಿ ತಂದುಕೊಟ್ಟು, ಬಾಗಿಲಿನಿಂದ ದೂರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ವಾಲ್ಟರನ ಹೆಂಡತಿ ಸತ್ತಿದ್ದು ಆ ಬಾಗಿಲು ತೆರೆಯುವುದಕ್ಕೆ ಮೂರು ವರ್ಷ ಮೊದಲು. ಸಾಯುವಾಗ ಅವಳಿಗೆ, ನಾವು ಮತ್ತೆ ಸೇರುತ್ತೇವೆ ಅಂತ ಹೇಳುವ ಅಧಿಕಾರ ಅವನಿಗಿರಲಿಲ್ಲ. ಹೇಳಬಾರದು ಅಂತಲೇ ಹೇಳಲಿಲ್ಲವಂತೆ. ಅಷ್ಟು ನಿಯತ್ತಿನ ಮನುಷ್ಯ.

ಆ ನಿಯಮ ದೇವರದ್ದೋ ಮನುಷ್ಯರದ್ದೋ ಅಂತ ಸೋಮನಾಥ ಕೇಳಿದನಂತೆ. ವಾಲ್ಟರ್, ‘ದಿನಾ ಬೆಳಗ್ಗೆ ಅದನ್ನೇ ಕೇಳುತ್ತಿದ್ದೆ. ಒಂದು ದಿನ ಕೇಳುವುದನ್ನು ಬಿಟ್ಟೆ. ನೀನೂ ಬಿಡು ಮಗೂ, ಕೇಳುತ್ತಾ ಹೋದರೆ ಒಂಟಿಯಾಗುತ್ತೀಯ, ಅದು ನಿನ್ನಿಂದ ಆಗುವುದಿಲ್ಲ,’ ಅಂದನಂತೆ. ಮುಂದಿನ ಚಳಿಗಾಲದಲ್ಲಿ ಆ ಮುದುಕ ತೀರಿಕೊಂಡ.

ಸೋಮನಾಥನಿಗೆ ಬಿಡಲು ಆಗಲಿಲ್ಲ. ಹೆಣ ಇಳಿಸಿ ಬಂದವನು ಸೀದಾ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದ.

‘ಅಕ್ಕಾರ, ಅವಂಗ ಇಲ್ಲ ಅಂದದ್ದೂ ದೇವ್ರ ಹೆಸರಿನ ಮ್ಯಾಲೆ. ಆಮ್ಯಾಲ ಹೌದು ಅಂದದ್ದೂ ದೇವ್ರ ಹೆಸರಿನ ಮ್ಯಾಲೆ. ಮಂಜು ಸಿಗ್ತಾಳ ಅಂತ ನನಗ ಹೇಳಿದ್ದೂ ಅದ ಬಾಯಿ ಅಲ್ರಿ? ಆ ಬಾಯಿ ಒಂದ ಸಲ ತಪ್ಪಿದ್ರ, ಇದು ತಪ್ಪಿಲ್ಲ ಅಂತ ನಾ ಹ್ಯಾಂಗ ತಿಳ್ಕೊಳ್ಲಿ?’

‘ಒಳಗ್ ಬನ್ನಿ, ಊಟ ಮಾಡಿ,’ ಅಂದೆ.

ಇಷ್ಟಾದರೂ ಚರ್ಚು ಬಿಡಲಿಲ್ಲ ಅವನು. ಭಾನುವಾರ ಹೋಗುತ್ತಿದ್ದ, ಕುರ್ಚಿ ಜೋಡಿಸುತ್ತಿದ್ದ. ಎದ್ದು ನಿಂತು ‘ನನಗೆ ಗೊತ್ತು’ ಅನ್ನುವುದನ್ನು ಮಾತ್ರ ನಿಲ್ಲಿಸಿದ್ದ. ಹಾಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಶ್ರೇಯಾಗೆ ಮದುವೆ ಗೊತ್ತಾಯಿತು. ಹುಡುಗ ಟ್ಯಾನರ್, ಅರಿಜೋನಾದವನು, ತಾತ ಮುತ್ತಾತನ ಕಾಲದಿಂದ ಮಾರ್ಮನ್ನರು. ಒಳ್ಳೆಯ ಹುಡುಗ. ಚಿತ್ರಾನ್ನ ಅನ್ನುವುದನ್ನು ಸ್ಪಷ್ಟವಾಗಿ ಅನ್ನಲು ಕಲಿತಿದ್ದ. ಇಲ್ಲಿಯ ದೇವಾಲಯ ರಿಪೇರಿಗೆ ಅಂತ ಮುಚ್ಚಿತ್ತು, ಅದಕ್ಕೆ ೨೦೨೪ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ದೇವಾಲಯದಲ್ಲಿ ಮದುವೆ ಅಂತಾಯಿತು.

ಇಲ್ಲೇ ಇರುವುದು ಸಂಕಟ. ಭಾನುವಾರದ ಚರ್ಚಿಗೆ ಯಾರು ಬೇಕಾದರೂ ಹೋಗಬಹುದು, ದೇವಾಲಯಕ್ಕೆ ಹಾಗಲ್ಲ. ಒಳಗೆ ಹೋಗಬೇಕಾದರೆ ಒಂದು ಕಾರ್ಡ್ ಬೇಕು. ಅದನ್ನು ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮಾಡಿಸಲು ಬಿಷಪ್ ಎದುರು ಕೂತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಅದರಲ್ಲೊಂದು, ಚರ್ಚಿನ ಅಧ್ಯಕ್ಷರನ್ನು ಪ್ರವಾದಿ ಎಂದು ಒಪ್ಪುತ್ತೀಯಾ ಅಂತ. ಕಾರ್ಡ್ ಇಲ್ಲದವರು ಹೆತ್ತ ತಾಯಿ ತಂದೆಯಾದರೂ ಮಗಳ ಮದುವೆಗೆ ಹೊರಗೇ. ಸೋಮನಾಥನ ಕಾರ್ಡು ಆ ವರ್ಷ ಮಾರ್ಚ್‌ಗೆ ಮುಗಿದಿತ್ತು.

ಅವರ ಬಿಷಪ್ ಸಂಬಳದವನಲ್ಲ, ಪಕ್ಕದ ಊರು ಪೊವೇಯಲ್ಲಿ ಹಲ್ಲಿನ ಡಾಕ್ಟರು. ಕೆಟ್ಟವನಲ್ಲ, ಅದನ್ನು ಸೋಮನಾಥನೇ ಹತ್ತು ಸಲ ಹೇಳಿದ್ದಾನೆ. ಆ ಪ್ರಶ್ನೆ ಬಂದಾಗ ಇವನು ‘ನನಗೆ ಗೊತ್ತಿಲ್ಲ’ ಅಂದನಂತೆ. ನಂಬುವ ಆಸೆಯಾದರೂ ಇದೆಯಾ ಅಂತ ಬಿಷಪ್ ಕೇಳಿದ. ‘ಆಸೆ ಇದೆ. ಅದಕ್ಕಿಂತ ಬೇರೆ ಆಸೆಯೇ ನನಗಿಲ್ಲ. ಆದರೆ ನೀವು ಕೇಳಿದ್ದು ಅದಲ್ಲವಲ್ಲ,’ ಅಂದ ಇವನು. ‘ಹೌದು ಅಂತ ಒಂದು ಮಾತು ಹೇಳು ಬ್ರದರ್, ಈಗಲೇ ಸಹಿ ಹಾಕುತ್ತೇನೆ,’ ಅಂದಾಗ ಬಿಷಪ್‌ನ ಕಣ್ಣಲ್ಲೂ ನೀರಿತ್ತಂತೆ. ಇವನು ಎದ್ದು, ಕೈ ಕುಲುಕಿ ಬಂದುಬಿಟ್ಟ.

ನಾನು ಬಿಟ್ಟೆನಾ? ಅವತ್ತೇ ಕರೆಸಿ ಉಗಿದೆ.

‘ಏನ್ ದೊಡ್ಡ ಹರಿಶ್ಚಂದ್ರನ ಮೊಮ್ಮಗನಾ ನೀವು? ವೀಸಾ ಇಂಟರ್‌ವ್ಯೂನಲ್ಲಿ ಎಷ್ಟು ತಲೆ ಅಲ್ಲಾಡ್ಸಿಲ್ಲ? ಹೂಂ ಅನ್ನಿ, ಒಳಗ್ ಹೋಗಿ, ಮಗಳ ಮದ್ವೆ ನೋಡ್ಕೊಂಡ್ ಬನ್ನಿ!’

‘ಅಕ್ಕಾರ, ನೀವು ಕ್ಯಾಲಬಾಸಸ್ ಗುಡಿಗೆ ಹೋಗ್ತೀರಲ್ಲ, ಬಾಗಿಲದಾಗ ನಿಮ್ಮನ್ನ ಯಾರರ ಏನರ ಕೇಳ್ತಾರೇನು?’

‘ಚಪ್ಪಲಿ ಬಿಟ್ಟು ಬನ್ನಿ ಅಂತಾರೆ, ಅಷ್ಟೇ.’

‘ಅದಕ್ಕ ನಿಮಗ ತಿಳಿಯಂಗಿಲ್ಲ,’ ಅಂದ, ನಕ್ಕೊಂಡೇ. ಆಮೇಲೆ ನಗು ನಿಂತಿತು. ‘ನನಗ ಉಳದಿರೋದು ಅದೊಂದ ಜಾಗಾ ಅಕ್ಕಾರ. ಮಂಜು ಎಲ್ಲೆರ ನನಗ ಸಿಗೋದಿದ್ರ, ಅಲ್ಲೇ. ಸುಳ್ಳ ಹೇಳಿ ಒಳಗ ಹೋದ್ರ, ಒಳಗ ಸಿಗೋದೂ ಸುಳ್ಳ ಆಕ್ಕೈತಿ. ಅದನ್ನೂ ಕಳ್ಕೊಂಡ್ರ ನಾ ಹ್ಯಾಂಗ ಬದಕ್ಲಿ?’

ಮೊದಲು ಒಂದು ಪಾರ್ಕಿನಲ್ಲಿ ಎಲ್ಲರ ಎದುರು ಮದುವೆ ಮಾಡಿಕೊಂಡು, ಆಮೇಲೆ ದೇವಾಲಯಕ್ಕೆ ಹೋಗಬಹುದಿತ್ತು. ಈಗ ಅದಕ್ಕೂ ಚರ್ಚಿನಲ್ಲಿ ಅಡ್ಡಿಯಿಲ್ಲ. ನಾನೇ ಶ್ರೇಯಾಗೆ ಫೋನ್ ಮಾಡಿದೆ. ಆ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ.

‘ನೋ, ಆಂಟಿ. ಇಫ್ ಐ ಡೂ ದಟ್, ಹೀ ವಿಲ್ ನೆವರ್ ಕಮ್ ಬ್ಯಾಕ್,’ ಅಂದಳು. ‘ಹೀ ಜಸ್ಟ್ ಹ್ಯಾಸ್ ಟು ಸೇ ಯೆಸ್. ಫಾರ್ ಮೀ. ಫಾರ್ ಅಮ್ಮ.’ ಆಮೇಲೆ ಅಳು. ಅಪ್ಪ ಹೊರಗೆ ಉಳಿದರೆ ಇಲ್ಲಿ ಒಂದು ದಿನ ಹೊರಗೆ ಉಳಿದ ಹಾಗಲ್ಲ, ಸತ್ತ ಮೇಲೆ ಅಲ್ಲಿಯೂ ತಾನು, ಅಮ್ಮ ಇಬ್ಬರೇ ಆಗುತ್ತೇವೆ ಅನ್ನುವ ಭಯ ಅವಳಿಗೆ. ತನ್ನ ಮದುವೆ ನೋಡುವ ಆಸೆಗಾದರೂ ಅಪ್ಪ ಒಳಗೆ ಬರುತ್ತಾನೆ ಅಂತ ನಂಬಿದ್ದಳು. ಪಾಪ, ಅವಳದೂ ಹಟವಲ್ಲ. ಪ್ರೀತಿಯೇ. ಇಬ್ಬರಿಗೂ ಇದ್ದದ್ದು ಪ್ರೀತಿಯೇ, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಉಮಾಶಂಕರನಿಗೆ ಮೊಣಕಾಲಿನ ಆಪರೇಶನ್ ಆಗಿತ್ತು. ಲಾಸ್ ಏಂಜಲೀಸ್‌ಗೆ ಸೋಮನಾಥನನ್ನು ನಾನೇ ಡ್ರೈವ್ ಮಾಡಿಕೊಂಡು ಹೋದೆ. ಹೊಸ ಸೂಟ್ ಹಾಕಿದ್ದ, ಗಡ್ಡ ನುಣ್ಣಗೆ ಹೆರೆದಿದ್ದ. ನಾನು ಅರಿಶಿನ ಕಲಸಿದ ಅಕ್ಷತೆಯನ್ನು ಜಿಪ್‌ಲಾಕ್ ಚೀಲದಲ್ಲಿ ತಂದಿದ್ದೆ. ಹೊರಗೆ ಬಂದ ಮೇಲಾದರೂ ಅಪ್ಪ ಮಗಳ ತಲೆಯ ಮೇಲೆ ನಾಲ್ಕು ಕಾಳು ಹಾಕಲಿ ಅಂತ.

ಬೆಟ್ಟದ ಮೇಲೆ ಕೂತಂಥ ದೊಡ್ಡ ಕಟ್ಟಡ, ತುದಿಯಲ್ಲಿ ಕಹಳೆ ಊದುವ ಚಿನ್ನದ ಬೊಂಬೆ, ಮುಂದೆ ಹುಲ್ಲುಹಾಸು. ಟ್ಯಾನರ್‌ನ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪಂದಿರು ಒಬ್ಬೊಬ್ಬರೇ ಸೋಮನಾಥನ ಬೆನ್ನು ತಟ್ಟಿ, ಕಾರ್ಡು ತೋರಿಸಿ ಒಳಗೆ ಹೋದರು. ಶ್ರೇಯಾ ಬಾಗಿಲಲ್ಲಿ ಒಂದು ಸಲ ನಿಂತು ತಿರುಗಿ ನೋಡಿದಳು. ಕೊನೆ ಗಳಿಗೆಯಲ್ಲಿ ಏನೋ ಆಗಬಹುದು ಅಂತ ಕಾದ ಹಾಗಿತ್ತು. ಇವನು ಕೈ ಎತ್ತಿದ. ಅವಳು ಒಳಗೆ ಹೋದಳು.

ನಾವು ಬೆಂಚಿನ ಮೇಲೆ ಕೂತೆವು. ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ಕಡೆ ಕನ್ಯಾಪಿತೃ ಅಂದರೆ ಮದುವೆಯ ದಿನ ನಿಲ್ಲಲು ಕಾಲಿಲ್ಲ, ಕೂರಲು ಬಿಡುವಿಲ್ಲ. ಇವನು ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ, ಆಸ್ಪತ್ರೆಯಲ್ಲಿ ನಂಬರ್ ಕರೆಯಲು ಕಾಯುವವನಂತೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

‘ಒಳಗೆ ಏನ್ ಮಾಡ್ತಾರೆ?’ ಅಂತ ಕೇಳಿದೆ.

‘ಸಣ್ಣ ಖೋಲಿ ಇರತೈತ್ರಿ. ಎದರಾಬದರಾ ಕನ್ನಡಿ. ನಡುವ ಹುಡುಗಾ ಹುಡುಗಿ ಮೊಣಕಾಲೂರಿ ಕೂಡ್ತಾರ. ಆ ಕಡೆ ಕನ್ನಡ್ಯಾಗ ಈ ಕನ್ನಡಿ, ಈ ಕನ್ನಡ್ಯಾಗ ಆ ಕನ್ನಡಿ, ಮುಗ್ಯಂಗೇ ಇಲ್ಲ ಅನಸ್ತೈತಿ,’ ಅಂದ. ‘ಮಂಜೂನ್ನ ನನಗ ಸೀಲ್ ಮಾಡಿದ ದಿನ ಭಾಳ ದೂರ ತನಕಾ ನೋಡಿದ್ದೆ ನಾ.’

ಆಮೇಲೆ ಬಾಗಿಲ ಕಡೆಯೇ ನೋಡುತ್ತ ಕೂತ.

ಮದುಮಕ್ಕಳು ಹೊರಗೆ ಬಂದಾಗ ಎಲ್ಲರೂ ಕೂಗಿ ಚಪ್ಪಾಳೆ ತಟ್ಟಿದರು. ನಾನು ಸೋಮನಾಥನ ಮುಷ್ಟಿಗೆ ಅಕ್ಷತೆ ತುಂಬಿ ಮುಂದಕ್ಕೆ ತಳ್ಳಿದೆ. ಶ್ರೇಯಾ ಬಿಳಿ ಗೌನು ಎತ್ತಿ ಹಿಡಿದುಕೊಂಡು ಓಡಿ ಬಂದು ಅಪ್ಪನನ್ನು ತಬ್ಬಿಕೊಂಡಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

‘ಅಪ್ಪಾ,’ ಅಂದಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು, ತಡವರಿಸಿಕೊಂಡು. ‘ಅಮ್ಮ ಬಂದಿದ್ಲು. ನಿನ್ನ ಕುರ್ಚಿ ಖಾಲಿ ಇಟ್ಟಿದ್ವಿ. ಅಲ್ಲಿ ಇದ್ಲು. ಐ ಫೆಲ್ಟ್ ಹರ್, ಅಪ್ಪಾ. ಐ ನೋ.’

ಸೋಮನಾಥ ಏನೋ ದೊಡ್ಡ ಮಾತು ಹೇಳುತ್ತಾನೆ ಅಂದುಕೊಂಡೆ ನಾನು. ಹೇಳಲಿಲ್ಲ.

‘ನನ್ನ ಕೇಳಿದ್ಲೇನವ್ವಾ?’ ಅಂದ.

ಶ್ರೇಯಾ ಅವನ ಮುಖವನ್ನೇ ನೋಡಿದಳು. ‘ಅಪ್ಪಾ, ಯೂ ಡೋಂಟ್ ಈವನ್ ಬಿಲೀವ್ ಇಟ್.’

‘ಇಲ್ಲವ್ವಾ. ನಂಬಾಕ ಆಗವಲ್ದು. ಆದ್ರೂ ಹೇಳು. ಅಪ್ಪ ಎಲ್ಲಿ ಅಂತ ಕೇಳಿದ್ಲೇನು?’

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಫೋಟೊಗ್ರಾಫರ್, ಮದುಮಗಳು ಮೆಟ್ಟಿಲ ಹತ್ತಿರ ಬರಲಿ, ಬಿಸಿಲು ಏರುತ್ತದೆ ಅಂತ ಕೂಗಿದ. ಟ್ಯಾನರ್‌ನ ತಾಯಿ ಬಂದು ಅವಳ ತೋಳು ಹಿಡಿದು ಮೆತ್ತಗೆ ಕರೆದುಕೊಂಡು ಹೋದಳು. ಅವಳು ಎರಡು ಸಲ ತಿರುಗಿ ನೋಡಿದಳು, ಉತ್ತರ ಕೊಡಲಿಲ್ಲ. ಆಮೇಲೆ ಫೋಟೊ, ಊಟ, ಕೇಕು, ಅರಿಜೋನಾದವರ ಭಾಷಣ. ಎಲ್ಲದರಲ್ಲೂ ಇವನು ನಿಲ್ಲು ಅಂದ ಕಡೆ ನಿಂತ, ನಗು ಅಂದಾಗ ನಕ್ಕ, ಒಂದು ಕೈ ಮಾತ್ರ ಮುಷ್ಟಿ ಕಟ್ಟಿ ಜೇಬಿನಲ್ಲೇ ಇತ್ತು.

ವಾಪಸು ಬರುವಾಗ ಸಂಜೆಯಾಗಿತ್ತು. ಫ್ರೀವೇ ಹತ್ತಿದ ಮೇಲೆ ಅವನು ಮುಷ್ಟಿ ಬಿಚ್ಚಿದ. ಅಕ್ಷತೆ ಹಾಗೇ ಇತ್ತು, ಬೆವರಿಗೆ ಅಂಗೈಯೆಲ್ಲ ಹಳದಿ. ಒಂದು ಕಾಳೂ ಕೆಳಗೆ ಬೀಳದ ಹಾಗೆ ಅದನ್ನು ಚೀಲಕ್ಕೆ ಸುರಿದು ಜಿಪ್ ಎಳೆದು ಡ್ಯಾಶ್‌ಬೋರ್ಡಿನ ಮೇಲಿಟ್ಟ.

ಕಾರ್ಲ್ಸ್‌ಬಾಡ್ ಹತ್ತಿರ ಸಮುದ್ರ ಕಂಡಾಗ ನನಗೆ ತಡೆಯಲಾಗಲಿಲ್ಲ.

‘ಕೇಳಿರ್ತಾಳೆ ಸೋಮನಾಥ್,’ ಅಂದೆ. ‘ಮಂಜು ಖಂಡಿತ ನಿಮ್ಮನ್ನ ಕೇಳಿರ್ತಾಳೆ.’

ಅವನು ಪೂರ್ತಿ ನನ್ನ ಕಡೆ ತಿರುಗಿದ. ಅವನ ಮುಖ ಬೆಳಗಿತು, ಹಿಂದೆ ಆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತಾಗ ಬೆಳಗಿದ್ದ ಹಾಗೆ.

‘ನಿಮಗ ಗೊತ್ತೇನ್ರಿ, ಅಕ್ಕಾರ?’

ಹೌದು ಅನ್ನಬೇಕಿತ್ತು ನಾನು. ಒಂದೇ ಮಾತು. ಇಷ್ಟು ತಿಂಗಳು ಅವನ ತಲೆ ತಿಂದು ಹೇಳಿಕೊಟ್ಟದ್ದೇ ಅದು. ನನ್ನ ಬಾಯಿಗೆ ಬರಲಿಲ್ಲ.

‘ಇಲ್ಲ,’ ಅಂದೆ.

ಅವನು ತಲೆಯಾಡಿಸಿ, ಮುಂದಕ್ಕೆ ತಿರುಗಿ ಕೂತ.